ಥೈರಾಯಿಡ್ ಔಷಧವೂ ವೃದ್ಧ ಸ್ತ್ರೀಯರ ಅಸ್ಥಿಬಲವೂ

ಸಿಕಂದರಾಬಾದಿಗೆ ಸಮೀಪವಿರುವ ತಾರ್ನಾಕಾದ ರಾಷ್ಟ್ರೀಯ ಪೋಷಣ ಸಂಸ್ಥೆಯು ನಮ್ಮ ವಾಚಕರಿಗೆ ಚಿರಪರಿಚಿತವಾದುದು. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಇಲ್ಲಿಗೆ ಬಂದ ಈ ಸಂಸ್ಥೆಗೆ ತಳಹದಿ ಹಾಕಿದ ರಾಬರ್ಟ್ ಮೆಕ್ಯಾರಿಸನ್ನರು ಅದಕ್ಕೂ ಮೊದಲು ಗಿಲ್ಗಿತ್ ಪ್ರಾಂತದಲ್ಲಿ ಗಳಗಂಡರೋಗವನ್ನು ಕುರಿತು ಸಂಶೋಧನೆ ನಡೆಸಿದ್ದರು. ಆದುದರಿಂದ ಥೈರಾಯಿಡ್ ಗ್ರಂಥಿಯ ವಿಚಾರ ನಮ್ಮ ಊರಿಗೆ ಹೊರಗಿನದಲ್ಲ. ಇಂದು ನಮ್ಮ ಮನೆಗಳಲ್ಲಿ ಅನೇಕ ವೃದ್ಧ ಸ್ತ್ರೀಯರು ಪ್ರತಿದಿನವೂ ಥೈರಾಕ್ಸಿನ್ ಮಾತ್ರೆಯನ್ನು ಸೇವಿಸುತ್ತಾರೆ. ಅದು ಮೂಳೆಯನ್ನು ಸವೆಸುತ್ತದೆಂಬ ಮಾತನ್ನು ಕೇಳಿ ಕೆಲವರು ಔಷಧವನ್ನೇ ಬಿಡುತ್ತಾರೆ. ಮತ್ತೆ ಕೆಲವರು ಹತ್ತು ಹದಿನೈದು ವರ್ಷಗಳ ಹಿಂದಿನ ಪ್ರಮಾಣವನ್ನೇ ಪರೀಕ್ಷೆಯಿಲ್ಲದೆ ಮುಂದುವರಿಸುತ್ತಾರೆ. ಇವೆರಡೂ ಅಪಾಯಕರವೆಂಬುದನ್ನು ಸಕಾರಣವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಈ ಔಷಧದ ಉಪಕಾರವೂ ಅತಿಯಾದಾಗಿನ ಅಪಾಯವೂ ಒಂದೇ ವರ್ಷದಲ್ಲಿ ಬೆಳಕಿಗೆ ಬಂದುವೆಂಬುದು ಗಮನಾರ್ಹ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆಯವರು ಗ್ರಂಥಿರಸದ ಕೊರತೆಯಿಂದ ಬಳಲುತ್ತಿದ್ದ 46 ವಯಸ್ಸಿನ ಸ್ತ್ರೀಯೊಬ್ಬಳಿಗೆ ಕುರಿಯ ಥೈರಾಯಿಡಿನ ಸಾರವನ್ನು ಕೊಟ್ಟರು. ಆಕೆ 74 ವರ್ಷಗಳವರೆಗೆ ಬಾಳಿದಳು. ಅದೇ ವರ್ಷ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ನರು ಗ್ರಂಥಿರಸದ ಆಧಿಕ್ಯದಿಂದ ಮಡಿದ ಯುವತಿಯೊಬ್ಬಳ ಮೂಳೆಗಳು ಹುಳು ತಿಂದಂತೆ ಸವೆದಿದ್ದುದನ್ನು ವರ್ಣಿಸಿದರು. ಮುಂದೆ 1914ರಲ್ಲಿ ಅಮೆರಿಕದ ಕೆಂಡಾಲರು ಥೈರಾಕ್ಸಿನನ್ನು ಬೇರ್ಪಡಿಸಿದರು. 1927ರಲ್ಲಿ ಅದು ಪ್ರಯೋಗಶಾಲೆಯಲ್ಲೇ ಸಿದ್ಧವಾಯಿತು.

ಮೂಳೆ ಜಡವಸ್ತುವಲ್ಲ. ಅದರಲ್ಲಿ ಜಮಾ-ಖರ್ಚಿನ ಲೆಕ್ಕವೊಂದು ನಿರಂತರವಾಗಿ ನಡೆಯುತ್ತಿರುತ್ತದೆ. ಒಂದು ಬಗೆಯ ಕಣಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಹೊಸತನ್ನು ಕಟ್ಟುತ್ತವೆ. ಆರೋಗ್ಯವಂತರಲ್ಲಿ ಈ ಆವರ್ತ ಮುಗಿಯಲು ಸುಮಾರು 200 ದಿನಗಳು ಬೇಕು. ಥೈರಾಯಿಡ್ ರಸ ಅತಿಯಾದಾಗ ಈ ಅವಧಿ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ. ಕರಗಿದಷ್ಟನ್ನು ಕಟ್ಟಲು ವ್ಯವಧಾನವಿಲ್ಲದೆ ಪ್ರತಿ ಆವರ್ತದಲ್ಲಿಯೂ ಸ್ವಲ್ಪ ಸ್ವಲ್ಪ ನಷ್ಟವುಳಿಯುತ್ತದೆ. ಮುಟ್ಟು ನಿಂತ ಸ್ತ್ರೀಯರಲ್ಲಿ ಮೂಳೆಯನ್ನು ಕಾಯುವ ಈಸ್ಟ್ರೊಜನ್ ಮೊದಲೇ ಕುಗ್ಗಿರುವುದರಿಂದ ಅವರಿಗೆ ಈ ನಷ್ಟ ಹೆಚ್ಚು ತಟ್ಟುತ್ತದೆ.

ಹಾಗಾದರೆ ಪ್ರಮಾಣ ಅತಿಯಾಗಿದೆಯೆಂದು ತಿಳಿಯುವುದು ಹೇಗೆ? ಮೆದುಳಿನ ತಳದ ಪಿಟ್ಯೂಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಪ್ರಚೋದಕವನ್ನು ಸುರಿಸಿ ಥೈರಾಯಿಡನ್ನು ನಡೆಸುತ್ತದೆ. ರಕ್ತದಲ್ಲಿ ಥೈರಾಕ್ಸಿನ್ ಹೆಚ್ಚಿದರೆ ಟಿ.ಎಸ್.ಎಚ್. ಇಳಿಯುತ್ತದೆ, ಕಡಮೆಯಾದರೆ ಏರುತ್ತದೆ. 65 ವರ್ಷ ಮೀರಿದ ಅಮೆರಿಕದ ಸ್ತ್ರೀಯರನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟಿ.ಎಸ್.ಎಚ್. 0.1ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದವರಿಗೆ ಸೊಂಟದ ಮೂಳೆ ಮುರಿಯುವ ಸಂಭವ ಮೂರು ಪಟ್ಟಿಗೂ, ಬೆನ್ನೆಲುಬಿನ ಮಣಿಗಳು ಕುಸಿಯುವ ಸಂಭವ ನಾಲ್ಕು ಪಟ್ಟಿಗೂ ಮೀರಿ ಹೆಚ್ಚಿತ್ತು. 2011ರಲ್ಲಿ ಕೆನಡಾದ ಒಂಟೇರಿಯೊ ಪ್ರಾಂತದಲ್ಲಿ 70 ವರ್ಷ ದಾಟಿದ ಎರಡು ಲಕ್ಷಕ್ಕೂ ಮಿಕ್ಕ ಔಷಧಸೇವಿಗಳನ್ನು ಪರಿಶೀಲಿಸಿದಾಗ, ಮಾತ್ರೆಯ ಪ್ರಮಾಣ ಏರಿದಂತೆಲ್ಲ ಮುರಿತಗಳೂ ಏರಿದ್ದುದು ಕಂಡಿತು. ದೋಷವು ಮುಖ್ಯವಾಗಿ ಪ್ರಮಾಣದ್ದೆಂಬುದು ಇದರಿಂದ ವೇದ್ಯವಾಗುತ್ತದೆ. ಕೊರತೆಯನ್ನು ತುಂಬುವಷ್ಟೇ ಕೊಟ್ಟು ಟಿ.ಎಸ್.ಎಚ್. ಅನ್ನು ಸರಿಯಾದ ಮಿತಿಯಲ್ಲಿಟ್ಟರೆ ಭಯಕ್ಕೆ ಆಸ್ಪದ ಅತ್ಯಲ್ಪ.

ವಯಸ್ಸಾದಂತೆ ದೇಹವು ಥೈರಾಕ್ಸಿನನ್ನು ನಿಧಾನವಾಗಿ ವ್ಯಯಿಸುತ್ತದೆ, ತೂಕವೂ ಇಳಿಯಬಹುದು. ಐವತ್ತರಲ್ಲಿ ಸರಿಯಾಗಿದ್ದ 100 ಮೈಕ್ರೊಗ್ರಾಂ ಎಪ್ಪತ್ತೈದರಲ್ಲಿ ಅತಿಯಾಗುವುದುಂಟು. ಆದುದರಿಂದ ಹಳೆಯ ಚೀಟಿಯನ್ನೇ ಅಂಗಡಿಗೆ ಕಳುಹಿಸುವ ಅಭ್ಯಾಸ ಒಳ್ಳೆಯದಲ್ಲ. ವರ್ಷಕ್ಕೊಮ್ಮೆಯೂ, ಪ್ರಮಾಣ ಬದಲಾದ ಆರರಿಂದ ಎಂಟು ವಾರಗಳ ಮೇಲೆಯೂ ರಕ್ತಪರೀಕ್ಷೆ ಅಗತ್ಯ. ಥೈರಾಯಿಡ್ ಕ್ಯಾನ್ಸರಿನ ಚಿಕಿತ್ಸೆಯಾದ ಕೆಲವರಲ್ಲಿ ವೈದ್ಯರೇ ಬುದ್ಧಿಪೂರ್ವಕವಾಗಿ ಟಿ.ಎಸ್.ಎಚ್. ಅನ್ನು ತಗ್ಗಿಸಿಡುತ್ತಾರೆ, ಅಂಥವರು ಮೂಳೆಯ ಸಾಂದ್ರತೆಯನ್ನು ಅಳೆಯಿಸಿಕೊಳ್ಳುವ ವಿಚಾರವನ್ನು ವೈದ್ಯರೊಡನೆ ಆಲೋಚಿಸಬೇಕು.

ಸೇವನೆಯ ಕ್ರಮವೂ ಮುಖ್ಯ. ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ ನೀರಿನೊಡನೆ ಮಾತ್ರೆ ನುಂಗಿ, ನಮ್ಮವರಿಗೆ ಪ್ರಿಯವಾದ ಕಾಫಿಯನ್ನು ಅರ್ಧದಿಂದ ಒಂದು ಗಂಟೆಯವರೆಗೆ ತಡೆಯಬೇಕು. ಮೂಳೆಗೆಂದು ಕೊಡುವ ಸುಣ್ಣದ ಮಾತ್ರೆಯೂ ಕಬ್ಬಿಣದ ಮಾತ್ರೆಯೂ ಥೈರಾಕ್ಸಿನ್ ರಕ್ತಕ್ಕೆ ಸೇರುವುದನ್ನು ತಡೆಯುವುದರಿಂದ, ನಡುವೆ ನಾಲ್ಕು ಗಂಟೆಗಳ ಅಂತರವಿರಲಿ. ತಾರ್ನಾಕಾ ಸಂಸ್ಥೆಯ 2017ರ ಆಹಾರಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣಾಂಶವಿದೆ. ಮುಟ್ಟು ನಿಂತವರಿಗೆ 2020ರಲ್ಲಿ ಸೂಚಿಸಲ್ಪಟ್ಟ ದೈನಂದಿನ ಪ್ರಮಾಣ 1200 ಮಿಲಿಗ್ರಾಂ. ನಮ್ಮ ಹಿರಿಯರ ಮುದ್ದೆ, ಮಜ್ಜಿಗೆಗಳ ಊಟ ಈ ದೃಷ್ಟಿಯಿಂದಲೂ ಶ್ಲಾಘ್ಯ. ಬಿಸಿಲೂ ನಡಿಗೆಯೂ ಅದಕ್ಕೆ ಪೂರಕ.

ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಹೃದಯ, ಬುದ್ಧಿ, ಚೈತನ್ಯಗಳೆಲ್ಲ ಮಂದವಾಗುತ್ತವೆ; ಅಳತೆಯಿಲ್ಲದೆ ಮುಂದುವರಿಸಿದರೆ ಮೂಳೆ ಸವೆಯುತ್ತದೆ. ಸೊಂಟ ಮುರಿದ ವೃದ್ಧೆಯರಲ್ಲಿ ಅನೇಕರು ಮತ್ತೆ ಮೊದಲಿನಂತೆ ಓಡಾಡಲಾರರು. ಮನೆಯ ಹಿರಿಯಳಿಗೆ ಮಾತ್ರೆ ತಂದುಕೊಡುವ ಮಕ್ಕಳು, ಸೊಸೆಯಂದಿರು ಕಳೆದ ಪರೀಕ್ಷೆ ಎಂದು ಆಯಿತೆಂಬುದನ್ನೂ ಅದರೊಡನೆ ವಿಚಾರಿಸತಕ್ಕದ್ದು.