ಮುಳ್ಳು ಸುಳ್ಳು ಹೇಳಿದ ದಿನ

ನಮ್ಮ ರಾಯದುರ್ಗ ಸೀಮೆಯಲ್ಲಿ ಮಳೆ ನಿಂತ ಮೇಲೆ ಬಿತ್ತನೆಗೆ ಸಿಗೋದು ಎರಡೋ ಮೂರೋ ದಿನ. ಕೆಂಪು ನೆಲ, ಬೇಗ ಒಣಗುತ್ತೆ. ಆ ತೇವಕ್ಕೆ ಕನ್ನಡದಲ್ಲಿ ಹದ ಅಂತೀವಿ, ತೆಲುಗಿನಲ್ಲಿ ಪದುನು ಅಂತಾರೆ. ಎರಡೂ ಒಂದೇ ಬೇರಿನ ಮಾತು. ಹದ ತಪ್ಪಿದರೆ ಮನೆಯಲ್ಲಿಟ್ಟ ಶೇಂಗಾ ಬೀಜ ಮನೆಯಲ್ಲೇ ಉಳಿಯುತ್ತೆ, ಸಾಲ ಮಾತ್ರ ಮೊಳೀತದೆ.

2022ರ ಜೂನ್ ತಿಂಗಳು. ಕಾರಹುಣ್ಣಿಮೆ ಮುಗಿದ ಮಾರನೇ ದಿನ. ನಮ್ಮೂರಲ್ಲಿ ಅದೇ ದಿನಕ್ಕೆ ತೆಲುಗಿನವರು ಏರುವಾಕ ಪುನ್ನಮಿ ಅಂತಾರೆ, ಹಬ್ಬ ಒಂದೇ. ಹಿಂದಿನ ರಾತ್ರಿ ಒಳ್ಳೇ ಮಳೆಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನೆಲ ಕೂರಿಗೆ ಹಿಡಿಯೋ ಹಾಗಾಯಿತು, ಟ್ರ್ಯಾಕ್ಟರ್ ಹೊಲಕ್ಕೆ ಇಳಿಸಿದೆ. ನಾಲ್ಕು ಸುತ್ತು ಆಗಿರಲಿಲ್ಲ, ಕಮಟು ವಾಸನೆ ಬಂತು. ಹೀಟ್ ಮೀಟರ್ ನೋಡಿದೆ. ಮುಳ್ಳು ತಣ್ಣಗೆ ಎಡಗಡೆ ಮಲಗಿತ್ತು. "ಎಂಜಿನ್ ತಂಪಾಗೈತೆ" ಅಂತ ಇನ್ನೂ ಅರ್ಧ ಸುತ್ತು ಹೊಡೆದೆ. ಆಮೇಲೆ ಬಾನೆಟ್ ಸಂದಿಯಿಂದ ಬಿಳೀ ಹಬೆ ಎದ್ದಿತು ನೋಡಿ, ಎದೆ ಧಸಕ್ಕಂತು.

ಹಿಂದೆ 2017ರಲ್ಲಿ ಹೀಗೇ ಕಾದು ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಆ ಖರ್ಚು ತೀರಿಸೋಕೆ ಒಂದು ಜೊತೆ ಹೋರಿ ಮಾರಿದ್ದೆ. ಆ ನೆನಪಿಗೆ ತಕ್ಷಣ ಎಂಜಿನ್ ನಿಲ್ಲಿಸಿದೆ. ಪುಣ್ಯಕ್ಕೆ ಈ ಸಲ ಗ್ಯಾಸ್ಕೆಟ್ ಉಳೀತು. ರೇಡಿಯೇಟರ್ ಪೈಪಿನ ಕ್ಲಿಪ್ಪು ಸಡಿಲಾಗಿ ನೀರು ಸೋರಿತ್ತು, ಅಷ್ಟೇ.

ಪಟ್ಟಣದ ಒಂದು ವರ್ಕ್‌ಶಾಪಿಗೆ ಫೋನ್ ಹಚ್ಚಿದೆ. ಇಂಡಿಕೇಟರ್ ಹಾಕಿದರೆ ಎಲ್ಲಾ ಮುಳ್ಳುಗಳೂ ಕುಣೀತಾವೆ ಅಂತಲೂ ಹೇಳಿದೆ. "ಮೀಟರ್ ಬೋರ್ಡೇ ಹೋಗೈತೆ, ಪೂರಾ ಬದಲಾಯಿಸಬೇಕು. ಆರು ಸಾವಿರ ಆಗ್ತದೆ, ಮಾಲು ಬರೋಕೆ ನಾಲ್ಕು ದಿನ" ಅಂದರು. ನಾಲ್ಕು ದಿನಕ್ಕೆ ನನ್ನ ಹದ ಎಲ್ಲಿರುತ್ತೆ?

ಮಲ್ಪೆಯಿಂದ ಬಂದ ಅಳಿಯ

ಹಬ್ಬಕ್ಕೆ ಅಕ್ಕನ ಮಗ ಊರಿಗೆ ಬಂದಿದ್ದ. ಮಲ್ಪೆಯಲ್ಲಿ ಬೋಟು ರಿಪೇರಿ ಮಾಡೋ ಕಡೆ ಎಲೆಕ್ಟ್ರಿಕ್ ಕೆಲಸ ಮಾಡ್ತಾನೆ. ವಿಷಯ ಕೇಳಿ ನಕ್ಕ. "ಮಾವಾ, ಇದು ಬೋಟಿನ ರೋಗ. ಉಪ್ಪು ಗಾಳಿಗೆ ನಮ್ಮಲ್ಲಿ ದಿನಾ ಇದೇ. ಬೋರ್ಡ್ ಬಿಚ್ಚಬ್ಯಾಡ, ಮೊದಲು ನೆಲ ನೋಡು" ಅಂದ.

ನೆಲ ಅಂದರೆ ಅರ್ಥಿಂಗು. ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯ ಮೈನಸ್ ಕಬ್ಬಿಣದ ಮೈಗೆ ಕಟ್ಟಿರುತ್ತೆ. ಪ್ಲಸ್ ಕಡೆಯಿಂದ ಹೊರಟ ಕರೆಂಟು ಮೀಟರ್, ಲೈಟು ಎಲ್ಲಾ ಸುತ್ತಿ ಆ ಮೈ ಮೂಲಕವೇ ಮನೆಗೆ ವಾಪಸ್ ಬರಬೇಕು. ಫೈಬರ್ ಬೋಟಿಗೆ ಕಬ್ಬಿಣದ ಮೈ ಇಲ್ಲ, ಹಾಗಾಗಿ ವಾಪಸ್ ದಾರಿಗೂ ಬೇರೆ ಕಪ್ಪು ವೈರು ಎಳೆದಿರ್ತಾರೆ. ದಾರಿ ಯಾವುದಾದರೂ ತುಕ್ಕು ಹಿಡಿದರೆ ಕರೆಂಟು ಅಡ್ಡದಾರಿ ಹುಡುಕುತ್ತೆ. ಇಂಡಿಕೇಟರಿನ ಕರೆಂಟು ವಾಪಸ್ ಹೋಗಲಾರದೆ ಮೀಟರಿನ ದಾರಿಯಲ್ಲಿ ನುಗ್ಗಿದಾಗ ಮುಳ್ಳು ಕುಣಿಯುತ್ತೆ. ಕುಣಿತ ಮೀಟರಿನದಲ್ಲ, ನೆಲದ್ದು.

ಅಳಿಯ ಹೇಳಿಕೊಟ್ಟ ಲೆಕ್ಕ ಸರಳ. ಎಲ್ಲಾ ಮುಳ್ಳೂ ಒಟ್ಟಿಗೆ ಕೆಟ್ಟರೆ ತಪ್ಪು ಎಲ್ಲಕ್ಕೂ ಸೇರಿದ ಜಾಗದಲ್ಲಿ ಇರುತ್ತೆ: ಫ್ಯೂಸು, ಕೀಯಿಂದ ಬರೋ ವೈರು, ಇಲ್ಲಾ ಅರ್ಥಿಂಗು. ಒಂದೇ ಮುಳ್ಳು ಕೆಟ್ಟರೆ ಆ ಮುಳ್ಳಿನ ದಾರಿ ಒಂದನ್ನೇ ಹುಡುಕಬೇಕು. ಬೋಟಿನ ಎಂಜಿನ್ ಎತ್ತಿ ಇಳಿಸೋ ಸ್ವಿಚ್ಚಿಗೂ ಇದೇ ಲೆಕ್ಕವಂತೆ. ಎರಡೂ ಕಡೆ ಆಡದಿದ್ದರೆ ಫ್ಯೂಸು, ಅರ್ಥಿಂಗು ನೋಡ್ತಾರೆ. ಎತ್ತುತ್ತೆ, ಇಳಿಸೋಲ್ಲ ಅಂದರೆ ಎರಡು ರಿಲೇ ಅದಲುಬದಲು ಮಾಡಿ ನೋಡ್ತಾರೆ. ತಪ್ಪು ರಿಲೇ ಜೊತೆ ಜಾಗ ಬದಲಾಯಿಸಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ನಾವು ಮಾಡಿದ್ದು

ಅವನ ಚೀಲದಲ್ಲಿ ಮಲ್ಟಿಮೀಟರ್ ಇತ್ತು. ಮೊದಲು ಬ್ಯಾಟರಿ ನೋಡಿದ, 12.6 ವೋಲ್ಟು, ಸರಿ ಇತ್ತು. ಎಂಜಿನ್ ಓಡುವಾಗ ಹದಿನಾಲ್ಕರ ಆಸುಪಾಸು ಬರಬೇಕು, ಬರದಿದ್ದರೆ ಚಾರ್ಜ್ ಆಗ್ತಿಲ್ಲ ಅಂತ. ಕೀ ಹಾಕಿ ಮೀಟರ್ ಹಿಂದಿನ ವೈರು ಮುಟ್ಟಿಸಿದ, ಕರೆಂಟು ಬರ್ತಿತ್ತು. ಆಮೇಲೆ ಹೆಡ್‌ಲೈಟ್ ಹಾಕಿ, ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಮೀಟರ್ ಬೋರ್ಡಿನ ಕಪ್ಪು ವೈರಿಗೆ ಇಟ್ಟ. ಹೆಚ್ಚೂ ಕಡಿಮೆ ಸೊನ್ನೆ ತೋರಿಸಬೇಕು, ಅರ್ಧ ವೋಲ್ಟು ದಾಟಿದರೆ ಅನುಮಾನ ಪಡಬೇಕು. ನಮ್ಮದು ಎರಡು ದಾಟಿತ್ತು!

ಕಪ್ಪು ವೈರು ಹಿಡಿದುಕೊಂಡು ಹೋದರೆ ಡ್ಯಾಶ್‌ಬೋರ್ಡ್ ಹಿಂದೆ ಒಂದು ಬೋಲ್ಟು. ಅದರ ಸುತ್ತ ಹಸಿರು ಬಿಳಿ ಪುಡಿ. ಗೊಬ್ಬರದ ಚೀಲ ಟ್ರ್ಯಾಕ್ಟರಿನ ಮೇಲೇ ಹೇರ್ತೀವಲ್ಲ, ಆ ಯೂರಿಯಾ ಧೂಳು ತೇವ ಕುಡಿದು ತಾಮ್ರ, ಕಬ್ಬಿಣ ಎರಡನ್ನೂ ತಿನ್ನುತ್ತೆ. ಬ್ಯಾಟರಿ ಮೈನಸ್ ಬಿಚ್ಚಿ, ಉಪ್ಪುಕಾಗದ ಹಾಕಿ ಲೋಹ ಹೊಳೆಯೋವರೆಗೂ ತಿಕ್ಕಿದೆವು. ಹೊಸ ರಿಂಗು ಹಾಕಿ ಬಿಗಿದು ಮೇಲೆ ವ್ಯಾಸಲಿನ್ ಸವರಿದೆವು. ಇಂಡಿಕೇಟರ್ ಹಾಕಿದೆ, ಕುಣಿತ ನಿಂತಿತ್ತು.

ಆದರೆ ಹೀಟ್ ಮುಳ್ಳು ಮಾತ್ರ ಇನ್ನೂ ಎಡಗಡೆಯೇ. ಅಂದರೆ ಎರಡನೇ ತಪ್ಪು ಒಂದು ಬೇರೆ ಇತ್ತು. ಅಳಿಯ ಎಂಜಿನ್ ಹೆಡ್ಡಿನಲ್ಲಿರೋ ಸೆನ್ಸರಿನ ವೈರು ಕಿತ್ತು, ಕೀ ಹಾಕಿಸಿ, ಒಂದು ಕ್ಷಣ ಎಂಜಿನ್ ಮೈಗೆ ಮುಟ್ಟಿಸಿದ. ಮುಳ್ಳು ಬಲಗಡೆಗೆ ಓಡಿತು. "ಮೀಟರೂ ಸರಿ, ವೈರೂ ಸರಿ ಮಾವಾ. ತಪ್ಪು ಈ ಪೀಸಿನಲ್ಲಿ ಐತೆ, ಇಲ್ಲಾ ಅದು ಕೂತಿರೋ ಜಾಗದಲ್ಲಿ."

ಎಂಜಿನ್ ಪೂರಾ ಆರಿದ ಮೇಲೆ ಸೆನ್ಸರ್ ಬಿಚ್ಚಿದೆವು. ಮರೆಯ ಸುತ್ತ ದಪ್ಪಗೆ ಬಿಳೀ ಟೇಪು! ಗ್ಯಾಸ್ಕೆಟ್ ಕೆಲಸ ಮಾಡಿದವರು ನೀರು ಸೋರಬಾರದು ಅಂತ ಸುತ್ತಿದ್ದರು. ಒಂದೇ ವೈರಿನ ಸೆನ್ಸರಿಗೆ ಅದರ ಮರೆಯೇ ಅರ್ಥಿಂಗು, ಟೇಪು ಅದನ್ನೇ ಕಡಿದಿತ್ತು. ಮೊದಮೊದಲು ಹೇಗೋ ತಾಗಿಕೊಂಡಿತ್ತು, ಆಮೇಲೆ ಪೂರಾ ಬಿಟ್ಟಿತು. ಟೇಪು ಕಿತ್ತು, ತಾಮ್ರದ ವಾಷರ್ ಹಾಕಿ ಕೂರಿಸಿದೆವು. ಕ್ಲಿಪ್ಪು ಬಿಗಿದು, ನೀರು ತುಂಬಿ ಸ್ಟಾರ್ಟ್ ಮಾಡಿದೆವು. ಐದಾರು ನಿಮಿಷದಲ್ಲಿ ಮುಳ್ಳು ನಿಧಾನಕ್ಕೆ ಎದ್ದು ನಡುವೆ ಬಂದು ನಿಂತಿತು. ಖರ್ಚು ಐವತ್ತು ರೂಪಾಯಿ ಒಳಗೆ.

ರೈತರು ನೆನಪಿಡಬೇಕಾದ್ದು

ನಾನು ಕಲಿತ ದೊಡ್ಡ ಪಾಠ ಒಂದೇ. ಇಂಥ ಹಳೇ ಮಾದರಿಯಲ್ಲಿ ಹೀಟ್ ವೈರು ಕಡಿದರೆ ಮುಳ್ಳು ಅಪಾಯ ತೋರಿಸೋಲ್ಲ, ತಂಪು ತೋರಿಸುತ್ತೆ. ನೀರು ಪೂರಾ ಇಳಿದು ಸೆನ್ಸರ್ ಗಾಳಿಯಲ್ಲಿ ನಿಂತರೂ ಮುಳ್ಳು ಸುಳ್ಳು ಹೇಳಬಹುದು. ಒಂದು ತಾಸು ಕೆಲಸ ಮಾಡಿದರೂ ಮುಳ್ಳು ಏಳದಿದ್ದರೆ ಖುಷಿ ಪಡಬೇಡಿ, ಇಳಿದು ನೋಡಿ. ಕಾದಿರೋ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡಿ.

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಫ್ಯೂಸು ಸುಟ್ಟರೆ ಸಿಗರೇಟಿನ ಬೆಳ್ಳಿಕಾಗದ ಸುತ್ತಬೇಡಿ, ಮುಂದಿನ ಸಲ ಸುಡೋದು ವೈರಿಂಗು. ಇಲಿ ಕಡಿದ ವೈರು ಬರೀ ತಿರುಚಿ ಬಿಡಬೇಡಿ, ಬೆಸುಗೆ ಹಾಕಿಸಿ. ವೈರು ಮೈಗೆ ಮುಟ್ಟಿಸೋ ಪರೀಕ್ಷೆ ಹಳೇ ಮುಳ್ಳಿನ ಮೀಟರಿಗೆ ಮಾತ್ರ. ಕಂಪ್ಯೂಟರ್ ಪೆಟ್ಟಿಗೆ ಇರೋ ಹೊಸ ಗಾಡಿಗಳಲ್ಲಿ ಹಾಗೆ ಮಾಡಿದರೆ ದೊಡ್ಡ ನಷ್ಟ. ಮಲ್ಟಿಮೀಟರ್ ಇಲ್ಲದವರು ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದು ಟೆಸ್ಟ್ ಲ್ಯಾಂಪು ಮಾಡಿಕೊಳ್ಳಬಹುದು, ಕರೆಂಟು ಬಂದಿದೆಯೋ ಇಲ್ಲವೋ ಅಂತ ನೋಡೋಕೆ ಅಷ್ಟು ಸಾಕು.

ಅವತ್ತು ಸಂಜೆ ಐದಕ್ಕೆ ಮತ್ತೆ ಕೂರಿಗೆ ಹಿಡಿದೆವು. ಹೆಡ್‌ಲೈಟ್ ಬೆಳಕಿನಲ್ಲಿ ರಾತ್ರಿ ಹತ್ತರವರೆಗೂ, ಮಾರನೇ ದಿನ ಪೂರಾ ಬಿತ್ತಿದೆವು. ಮೂರನೇ ದಿನಕ್ಕೆ ಗಾಳಿ ಎದ್ದು ನೆಲ ಬಿಳುಚಿಕೊಂಡಿತು. ಅಷ್ಟೊತ್ತಿಗೆ ನನ್ನ ಬೀಜ ತೇವದಲ್ಲಿತ್ತು.

1953ರಲ್ಲಿ ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋಯಿತು. ಮೇಲೆ ಬೋರ್ಡು ಬದಲಾದವು, ಕೆಳಗಿನ ನೆಲ ಅದೇ ಉಳಿಯಿತು. ಹದ ಅನ್ನಿ, ಪದುನು ಅನ್ನಿ, ಬೆಳೆ ಒಂದೇ. ಮುಳ್ಳು ಕುಣಿದಾಗಲೆಲ್ಲ ಬೋರ್ಡು ಬದಲಾಯಿಸೋಕೆ ಓಡುವ ಮುಂಚೆ ಒಂದು ಸಲ ಬಗ್ಗಿ ನೆಲ ನೋಡಿ ಅಂತ ಈಗ ಕೇಳಿದವರಿಗೆಲ್ಲ ಎರಡೂ ಭಾಷೆಯಲ್ಲಿ ಹೇಳ್ತಿದ್ದೀನಿ.