ಟೈರಿನ ಸವಕಳಿ: ಒಳ ಅಂಚನ್ನೂ ನೋಡಿರಿ

ನಮ್ಮ ಕಕ್ಷಿದಾರರೊಬ್ಬರ ಸ್ಪೋರ್ಟ್ಸ್ ಕಾರಿಗೆ ಒಂದೇ ವರ್ಷದಲ್ಲಿ ಎರಡು ಜೊತೆ ಟೈರಿನ ಬಿಲ್ಲುಗಳಿದ್ದವು. ಅಲೈನ್‌ಮೆಂಟಿನ ಬಿಲ್ಲು ಒಂದೂ ಇರಲಿಲ್ಲ. ಹೊರಗಿನಿಂದ ಚೆನ್ನಾಗಿ ಕಂಡ ಟೈರಿನ ಒಳ ಅಂಚು ತಂತಿ ಕಾಣುವಷ್ಟು ಸವೆದಿತ್ತು.

ಇಂತಹ ಕಾರುಗಳಲ್ಲಿ ತಿರುವಿನ ಹಿಡಿತಕ್ಕಾಗಿ ಚಕ್ರದ ಮೇಲ್ಭಾಗವನ್ನು ತುಸು ಒಳಕ್ಕೆ ವಾಲಿಸಿರುತ್ತಾರೆ. ಈ ವಾಲಿಗೆ ಕ್ಯಾಂಬರ್ ಎಂದು ಹೆಸರು. ಸವಕಳಿಗೆ ಇದನ್ನೇ ದೂರುವುದು ವಾಡಿಕೆ. ಆದರೆ ಹೆಚ್ಚಿನ ಹಾನಿ ಬಹುಮಟ್ಟಿಗೆ ‘ಟೋ’ ದೋಷದಿಂದ, ಅಂದರೆ ಚಕ್ರಗಳು ನೇರವಾಗಿರದೆ ಒಳಕ್ಕೋ ಹೊರಕ್ಕೋ ತಿರುಗಿರುವುದರಿಂದ. ಆಗ ಟೈರು ಉರುಳುತ್ತಲೇ ರಸ್ತೆಗೆ ಉಜ್ಜುತ್ತದೆ. ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದರೆ ಎರಡೂ ಕೋನಗಳು ವ್ಯತ್ಯಾಸವಾಗುತ್ತವೆ.

ಬುಷ್, ಬಾಲ್ ಜಾಯಿಂಟ್ ಸಡಿಲವಿದ್ದರೆ ಅಲೈನ್‌ಮೆಂಟ್ ನಿಲ್ಲದು. ಮೊದಲು ಅವನ್ನು ಪರೀಕ್ಷಿಸಿ, ನಾಲ್ಕೂ ಚಕ್ರಗಳ ಮುದ್ರಿತ ವರದಿ ಪಡೆಯತಕ್ಕದ್ದು. ಖರ್ಚನ್ನು ದುರಸ್ತಿ ಲೆಕ್ಕಕ್ಕೆ ಹಾಕಿದರೂ ಉಳಿಯುವುದು ತೆರಿಗೆಯ ಭಾಗ ಮಾತ್ರ. ತೋಡಿನ ಆಳ 1.6 ಮಿ.ಮೀ.ಗೆ ಇಳಿದರೆ ಟೈರು ಬದಲಿಸಲೇಬೇಕು. ಅಳತೆಯನ್ನು ಒಳ ಅಂಚಿನಲ್ಲಿಯೂ ತೆಗೆಯಿರಿ.