ಎಂಟರ ವಯಸ್ಸಿನಲ್ಲೇ ಕಾಣುವ ಅಪಾಯ

ಹದಿಹರೆಯದ ಹುಡುಗನೊಬ್ಬ ಘೋರ ಅಪರಾಧದಲ್ಲಿ ಸಿಕ್ಕಿಬಿದ್ದಾಗಲೆಲ್ಲ ಅವನನ್ನು ದೊಡ್ಡವರಂತೆಯೇ ಶಿಕ್ಷಿಸಬೇಕೆಂಬ ಕೂಗು ಏಳುತ್ತದೆ. ನೊಂದವರ ಸಿಟ್ಟು ನ್ಯಾಯವಾದದ್ದೇ. ಆದರೆ ಶಿಕ್ಷೆಯೊಂದನ್ನೇ ನೆಚ್ಚಿ ಕೂತರೆ ಮುಂದೆ ಇನ್ನಷ್ಟು ಜನ ನೋಯುತ್ತಾರೆ. ಆರು ದಶಕಗಳ ಸಂಶೋಧನೆ ಕೊಡುತ್ತಿರುವ ಎಚ್ಚರಿಕೆ ಇದು.

1961ರಲ್ಲಿ ಡೊನಾಲ್ಡ್ ವೆಸ್ಟ್ ದಕ್ಷಿಣ ಲಂಡನ್ನಿನ ದುಡಿಯುವ ವರ್ಗದ ಬಡಾವಣೆಯೊಂದರ 411 ಹುಡುಗರ ಅಧ್ಯಯನ ಆರಂಭಿಸಿದರು. ಮುಂದೆ ಡೇವಿಡ್ ಫ್ಯಾರಿಂಗ್ಟನ್ ದಶಕಗಳ ಕಾಲ ಅದನ್ನು ಮುನ್ನಡೆಸಿದರು. ಐವತ್ತರ ವಯಸ್ಸಿನ ಹೊತ್ತಿಗೆ ಆ ಹುಡುಗರಲ್ಲಿ ಹತ್ತಕ್ಕೆ ನಾಲ್ವರ ಮೇಲೆ ಅಪರಾಧ ಸಾಬೀತಾಗಿತ್ತು. ಅಂಥ ಅಪರಾಧಗಳಲ್ಲಿ ಸುಮಾರು ಅರ್ಧದಷ್ಟನ್ನು ಎಸಗಿದವರು ಬರೀ ಶೇ 7ರಷ್ಟು ಮಂದಿ. ಮುಂದೆ ದಾರಿ ತಪ್ಪಬಹುದಾದವರ ಸುಳಿವು ಎಂಟು–ಹತ್ತರ ವಯಸ್ಸಿನಲ್ಲೇ ದಾಖಲಾಗಿತ್ತು: ಬಡತನ, ಕುಟುಂಬದಲ್ಲಿ ಅಪರಾಧ ಮಾಡಿದವರು, ಒಮ್ಮೆ ಹೊಡೆದು ಒಮ್ಮೆ ಕಡೆಗಣಿಸುವ ಪಾಲನೆ, ಓದಿನಲ್ಲಿ ಹಿನ್ನಡೆ, ಹಿಂದುಮುಂದು ನೋಡದೆ ನುಗ್ಗುವ ಸ್ವಭಾವ.

ಈ ಸ್ವಭಾವದ ತೂಕವನ್ನು ನ್ಯೂಜಿಲೆಂಡಿನ ಡನೆಡಿನ್ ಅಧ್ಯಯನ ಅಳೆದು ತೋರಿಸಿತು. 1972–73ರಲ್ಲಿ ಹುಟ್ಟಿದ 1,037 ಮಕ್ಕಳಲ್ಲಿ, ಬಾಲ್ಯದಲ್ಲಿ ಆತ್ಮಸಂಯಮ ತೀರಾ ಕಡಿಮೆಯಿದ್ದ ಐದನೇ ಒಂದು ಭಾಗದವರ ಪೈಕಿ ಶೇ 43ರಷ್ಟು ಮಂದಿ 32ರ ವಯಸ್ಸಿನೊಳಗೆ ಅಪರಾಧಿಗಳೆನಿಸಿದ್ದರು. ಸಂಯಮ ಹೆಚ್ಚಿದ್ದವರಲ್ಲಿ ಈ ಪ್ರಮಾಣ ಶೇ 13.

ಈ ಯಾವ ಅಂಶವೂ ಹಣೆಬರಹವಲ್ಲ. ಬಡ ಮನೆಗಳ ಬಹುಪಾಲು ಮಕ್ಕಳು ಯಾರ ತಂಟೆಗೂ ಹೋಗುವುದಿಲ್ಲ. ಹದಿಹರೆಯದಲ್ಲಿ ಸಣ್ಣಪುಟ್ಟ ತಪ್ಪು ಮಾಡುವವರಲ್ಲೂ ಹೆಚ್ಚಿನವರು ಪ್ರಾಯಕ್ಕೆ ಬಂದಂತೆ ತಾವಾಗಿಯೇ ಬಿಡುತ್ತಾರೆ. ಅಪಾಯ ಏರುವುದು ಹಲವು ಪೆಟ್ಟುಗಳು ಒಂದೇ ಮಗುವಿನ ಮೇಲೆ ಬಿದ್ದಾಗ. ಹೊಡೆತದ ನಡುವೆ ಬೆಳೆದ ಹುಡುಗನಿಗೆ ಸಹಪಾಠಿಯ ಮಾಮೂಲಿ ಮಾತೂ ಬೆದರಿಕೆಯಾಗಿ ಕೇಳಿಸುತ್ತದೆ. ಅವನು ಕೈಯೆತ್ತುತ್ತಾನೆ, ಗೆಳೆಯರು ದೂರವಾಗುತ್ತಾರೆ, ಪಾಠ ಹಿಂದೆ ಬೀಳುತ್ತದೆ. ಶಾಲೆ ಬಿಟ್ಟವನನ್ನು ಬರಮಾಡಿಕೊಳ್ಳಲು, ಅವನಂತೆಯೇ ಹೊರಬಿದ್ದ ಹುಡುಗರ ಗುಂಪೊಂದೇ ಉಳಿದಿರುತ್ತದೆ.

ಇಂಥವನನ್ನು ಹೆದರಿಸಿ ತಿದ್ದುವ ಪ್ರಯತ್ನಗಳೂ ನಡೆದಿವೆ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇ ಸೆರೆಮನೆಗೆ ಹುಡುಗರನ್ನು ಕರೆದೊಯ್ದು ಕೈದಿಗಳಿಂದ ಗದರಿಸಲಾಗುತ್ತಿತ್ತು. ಇಂಥ ಕಾರ್ಯಕ್ರಮಗಳನ್ನು ಕ್ರಮಬದ್ಧವಾಗಿ ಪರೀಕ್ಷಿಸಿದಾಗ, ಹೋಗಿಬಂದವರು ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂತು. ಕೆನಡಾದ ಮಾಂಟ್ರಿಯಲ್‌ನ ಬಡ ಹುಡುಗರ ಮೇಲಿನ 2009ರ ಅಧ್ಯಯನದಲ್ಲೂ, ಬಾಲ ನ್ಯಾಯ ವ್ಯವಸ್ಥೆಯ ಹಿಡಿತ ಬಿಗಿಯಾದಷ್ಟೂ ದೊಡ್ಡವರಾದ ಮೇಲಿನ ಅಪರಾಧ ಹೆಚ್ಚಿತ್ತು. ಮಕ್ಕಳನ್ನು ವಯಸ್ಕರ ನ್ಯಾಯಾಲಯಕ್ಕೆ ವರ್ಗಾಯಿಸಿದರೆ ಅವರ ಹಿಂಸೆ ತಗ್ಗುವ ಬದಲು ಏರುತ್ತದೆಂದು ಅಮೆರಿಕದ ಪರಿಣತರ ಕಾರ್ಯಪಡೆ 2007ರಲ್ಲಿ ತೀರ್ಮಾನಿಸಿತು.

ಭಾರತ ಹಿಡಿದಿರುವುದು ಇದೇ ವರ್ಗಾವಣೆಯ ದಾರಿ. 2016ರ ಜನವರಿಯಲ್ಲಿ ಜಾರಿಗೆ ಬಂದ ಬಾಲ ನ್ಯಾಯ ಕಾಯ್ದೆಯ ಪ್ರಕಾರ, ಘೋರ ಅಪರಾಧದ ಆರೋಪವಿರುವ 16ರಿಂದ 18ರ ಮಕ್ಕಳನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಬಹುದು. ಅದಕ್ಕೆ ಮೊದಲು ಬಾಲ ನ್ಯಾಯ ಮಂಡಳಿ ಆ ಮಗುವಿನ ಮಾನಸಿಕ ಸಾಮರ್ಥ್ಯವನ್ನೂ ಕೃತ್ಯದ ಸಂದರ್ಭವನ್ನೂ ಪರಿಶೀಲಿಸಬೇಕು. ಮಗುವಿನ ಮನಸ್ಸನ್ನು ಮೊದಲ ಬಾರಿಗೆ ವಿಚಾರಿಸುವುದೇ ಅಪರಾಧ ನಡೆದ ಮೇಲೆ ಎಂದಾದರೆ, ಆ ಹೊತ್ತಿಗೆ ಒಂದು ಜೀವ ನೊಂದಾಗಿರುತ್ತದೆ.

ಮುಂಚಿತವಾಗಿ ಕೈಹಿಡಿದರೆ ಫಲ ಸಿಗುತ್ತದೆ ಎಂಬುದಕ್ಕೂ ಪುರಾವೆಯಿದೆ. 1962ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಆರಂಭವಾದ ಪೆರ್ರಿ ಶಾಲಾಪೂರ್ವ ಯೋಜನೆಯಲ್ಲಿ 123 ಬಡ ಮಕ್ಕಳಿದ್ದರು; ಕೆಲವರನ್ನು ಶಾಲೆಗೆ ಸೇರಿಸಿ, ಉಳಿದವರನ್ನು ಹೋಲಿಕೆಗೆ ಇರಿಸಿಕೊಳ್ಳಲಾಗಿತ್ತು. ಶಿಕ್ಷಕರು ಮನೆಗಳಿಗೂ ಹೋಗುತ್ತಿದ್ದರು. ನಲವತ್ತರ ವಯಸ್ಸಿಗೆ ಐದು ಅಥವಾ ಅದಕ್ಕಿಂತ ಹೆಚ್ಚು ಬಾರಿ ಬಂಧನಕ್ಕೊಳಗಾದವರು ಆ ಶಾಲೆಗೆ ಹೋದವರಲ್ಲಿ ಶೇ 36, ಹೋಗದವರಲ್ಲಿ ಶೇ 55.

ಕರ್ನಾಟಕದಲ್ಲಿ ಅಂಗನವಾಡಿಗಳಿವೆ, ಸರ್ಕಾರಿ ಶಾಲೆಗಳಿವೆ, ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕವಿದೆ, 1098 ಸಹಾಯವಾಣಿಯಿದೆ. ಮೂರನೇ ತರಗತಿಯ ಹುಡುಗ ವಾರಗಟ್ಟಲೆ ಗೈರಾದರೆ, ಮೈಮೇಲೆ ಬಾಸುಂಡೆ ಹೊತ್ತು ಬಂದರೆ, ದಿನವೂ ಜಗಳಕ್ಕೆ ಬಿದ್ದರೆ ಅದನ್ನು ತುಂಟತನವೆಂದು ತಳ್ಳಿಹಾಕದೆ ಆ ವಾರವೇ ಅವನ ಮನೆಗೆ ಯಾರಾದರೂ ಹೋಗಬೇಕು. ಆ ಭೇಟಿಗೆ ಬೇಕಾದ ಜನ, ತರಬೇತಿ, ಹಣವನ್ನು ಸರ್ಕಾರ ಈಗಲೇ ಒದಗಿಸಲಿ. ತಡಮಾಡಿದರೆ ಬೆಲೆ ತೆರುವುದು ಆ ಹುಡುಗನೊಬ್ಬನೇ ಅಲ್ಲ, ನಾಳೆ ಅವನ ಕೈಯಲ್ಲಿ ನೋಯುವವರೂ ತೆರುತ್ತಾರೆ.